ಮಿಂಚು–ಗುಡುಗಿನಿಂದ ಶಬ್ದದ ವೇಗ ಅಳೆಯೋದು ಹೇಗೆ: ಎರಡು ಮನೆ, ಎರಡು ಫೋನ್ ಇದ್ರೆ ಸಾಕು

ಮಿಂಚು ಕಂಡ ಕೂಡ್ಲೇ ಒಂದು, ಎರಡು, ಮೂರು ಅಂತ ಎಣಿಸ್ಲಿಕ್ಕೆ ಶುರು ಮಾಡಿ, ಗುಡುಗು ಕೇಳಿದಾಗ ನಿಲ್ಲಿಸಿ, ಬಂದ ಸೆಕೆಂಡನ್ನು 3ರಿಂದ ಭಾಗಿಸಿದ್ರೆ ಮಿಂಚು ಎಷ್ಟು ಕಿಲೋಮೀಟರ್ ದೂರದಲ್ಲಿ ಆಯ್ತು ಅಂತ ಸಿಗ್ತದೆ, ಇದು ಶಾಲೆಗೆ ಹೋಗುವ ಮಕ್ಕಳಿಗೂ ಗೊತ್ತುಂಟು. ಆದ್ರೆ ಆ 3 ಎಲ್ಲಿಂದ ಬಂತು? ಶಬ್ದ ಸೆಕೆಂಡಿಗೆ 340, 350 ಮೀಟರ್ ಹೋಗ್ತದೆ ಅಂತ ಯಾರೋ ಮೊದಲೇ ಅಳೆದು ಇಟ್ಟಿದ್ದಾರೆ, ನಾವು ಅದನ್ನು ನಂಬಿ ಭಾಗಿಸ್ತೇವೆ. ಇಲ್ಲಿ ಹೇಳ್ಲಿಕ್ಕೆ ಹೊರಟಿದ್ದು ಅದರ ಉಲ್ಟಾ ಕೆಲಸ, ಅಂದ್ರೆ ಆ 340–350 ಅನ್ನೋ ಸಂಖ್ಯೆಯನ್ನೇ ನಮ್ಮ ಮನೆಯಲ್ಲಿ ಕೂತು, ನಮ್ಮ ಊರಿನ ಗುಡುಗಿನಿಂದ, ಯಾರನ್ನೂ ನಂಬದೆ ತೆಗೆಯೋದು.

ಇದರಲ್ಲಿ ಒಂದು ಗಂಟು ಉಂಟು, ಮೊದಲು ಅದನ್ನು ಬಿಡಿಸ್ಬೇಕು. ವೇಗ ಬೇಕಾದ್ರೆ ದೂರವನ್ನು ಸಮಯದಿಂದ ಭಾಗಿಸ್ಬೇಕು. ಸಮಯ ಸುಲಭ, ಮಿಂಚಿನಿಂದ ಗುಡುಗಿನವರೆಗೆ ಎಷ್ಟು ಸೆಕೆಂಡ್ ಅಂತ ಫೋನಲ್ಲೇ ಸಿಗ್ತದೆ. ದೂರ ಮಾತ್ರ ಗೊತ್ತಿಲ್ಲ, ಮಿಂಚು ಎಲ್ಲಿ ಆಯ್ತು ಅಂತ ಟೇಪ್ ಹಿಡ್ಕೊಂಡು ಹೋಗ್ಲಿಕ್ಕೆ ಆಗೋದಿಲ್ಲ. ಒಬ್ಬರೇ, ಒಂದೇ ಜಾಗದಲ್ಲಿ ಕೂತು ಎಷ್ಟು ಮಿಂಚು ನೋಡಿದ್ರೂ ಈ ಗಂಟು ಬಿಡೋದಿಲ್ಲ. ಆದ್ರೆ ಇಬ್ಬರು ಎರಡು ಕಡೆ ಕೂತ್ರೆ ಬಿಡ್ತದೆ. ಯಾಕಂದ್ರೆ ಆಗ ಮಿಂಚಿನ ದೂರ ಬೇಕಾಗೋದೇ ಇಲ್ಲ, ಎರಡು ಮನೆಗಳ ನಡುವಿನ ದೂರ ಗೊತ್ತಿದ್ರೆ ಸಾಕು, ಅದು ಗೂಗಲ್ ಮ್ಯಾಪಲ್ಲೇ ಸಿಗ್ತದೆ.

ಉಡುಪಿಯವ್ರಿಗೆ ಇದಕ್ಕೆ ತುಂಬ ಒಳ್ಳೆ ಜಾಗ ಉಂಟು. ಮ್ಯಾಪ್ ತೆಗೆದು ನೋಡಿ, ಮಲ್ಪೆ, ಉಡುಪಿ, ಮಣಿಪಾಲ ಮೂರೂ ಹೆಚ್ಚುಕಮ್ಮಿ ಒಂದೇ ಗೆರೆಯಲ್ಲಿ, ಪಶ್ಚಿಮದಿಂದ ಪೂರ್ವಕ್ಕೆ ಸಾಲಾಗಿ ಇವೆ. ಏಪ್ರಿಲ್–ಮೇ ಸಂಜೆಯ ಗುಡುಗು ಮಳೆ ನಮಗೆ ಹೆಚ್ಚಾಗಿ ಘಟ್ಟದ ಕಡೆಯಿಂದ, ಅಂದ್ರೆ ಪೂರ್ವದಿಂದ ಬರ್ತದೆ. ಹಾಗಾಗಿ ಆತ್ರಾಡಿ, ಹಿರಿಯಡ್ಕದ ಕಡೆ ಮಿಂಚಿದ್ರೆ ಶಬ್ದ ಮೊದಲು ಮಣಿಪಾಲಕ್ಕೆ ತಲುಪಿ, ಆಮೇಲೆ ಅದೇ ದಾರಿಯಲ್ಲಿ ಮುಂದುವರಿದು ಉಡುಪಿಗೆ ಬರ್ತದೆ. ಮಣಿಪಾಲದವ್ರಿಗೆ ಕೇಳಿದ ಹೊತ್ತಿಗೂ ಉಡುಪಿಯವ್ರಿಗೆ ಕೇಳಿದ ಹೊತ್ತಿಗೂ ಇರುವ ವ್ಯತ್ಯಾಸ ಅಂದ್ರೆ, ಆ ಎರಡು ಊರಿನ ನಡುವಿನ ದೂರ ದಾಟ್ಲಿಕ್ಕೆ ಶಬ್ದಕ್ಕೆ ಹಿಡಿದ ಸಮಯ. ಮಂಗಳೂರಿನವ್ರು ಹಂಪನಕಟ್ಟೆ ಕಡೆ ಒಬ್ಬರು, ಕುಲಶೇಖರದ ಕಡೆ ಒಬ್ಬರು ಅಂತ ಮಾಡ್ಕೊಳ್ಳಬಹುದು, ಅದು ಸರಿ ಪೂರ್ವ ಅಲ್ಲ, ಸ್ವಲ್ಪ ಉತ್ತರಕ್ಕೆ ವಾಲಿದೆ, ಆದ್ರೂ ಕೆಲಸ ಆಗ್ತದೆ. ಎರಡು ಮನೆಯ ನಡುವೆ 3ರಿಂದ 5 ಕಿಮೀ ಇದ್ರೆ ಒಳ್ಳೇದು. ಒಂದು ಕಿಮೀಗಿಂತ ಕಡಿಮೆ ಆದ್ರೆ ಅಳತೆಯ ಸಣ್ಣ ತಪ್ಪೇ ದೊಡ್ಡದಾಗ್ತದೆ, 8–10 ಕಿಮೀ ಆದ್ರೆ ಎರಡನೇ ಮನೆಗೆ ಗುಡುಗು ಸರಿ ಕೇಳೋದೇ ಇಲ್ಲ.

ಶುರು ಮಾಡುವ ಮೊದಲು ಜೀವದ ವಿಷಯ

ಇದನ್ನು ಓದದೆ ಮುಂದೆ ಹೋಗ್ಬೇಡಿ ದಯವಿಟ್ಟು. ಈ ಪ್ರಯೋಗಕ್ಕೆ ಮಣಿಪಾಲದ ಎಂಡ್ ಪಾಯಿಂಟಿಗೆ, ಮಲ್ಪೆ–ಪಣಂಬೂರು ಬೀಚಿಗೆ, ಟೆರೇಸಿಗೆ, ತೋಟಕ್ಕೆ, ಅಂಗಳಕ್ಕೆ ಹೋಗುವ ಅಗತ್ಯ ಒಂದು ಚೂರೂ ಇಲ್ಲ, ಪೂರ್ತಿ ಕೆಲಸ ಮನೆ ಒಳಗೇ ಆಗ್ತದೆ. ಮಿಂಚಿಗೂ ಗುಡುಗಿಗೂ 30 ಸೆಕೆಂಡಿಗಿಂತ ಕಡಿಮೆ ಅಂತರ ಇದ್ರೆ, ಅಂದ್ರೆ ಸುಮಾರು 10 ಕಿಮೀ ಒಳಗೆ, ಮುಂದಿನ ಸಿಡಿಲು ನಿಮ್ಮ ಮೇಲೇ ಬೀಳಬಹುದು, ತಲೆ ಮೇಲೆ ಮಳೆ ಇಲ್ಲದಿದ್ರೂ. ಕೊನೆ ಗುಡುಗು ಕೇಳಿ ಅರ್ಧ ಗಂಟೆ ಆಗುವ ತನಕ ಹೊರಗೆ ಕಾಲಿಡ್ಬಾರದು. ನಮ್ಮ ಕಡೆ ಮುರಕಲ್ಲಿನ (ಜಂಬಿಟ್ಟಿಗೆಯ) ನೆಲ, ಒಣಗಿದ್ದಾಗ ಅದು ಕರೆಂಟನ್ನು ಸುಲಭಕ್ಕೆ ಒಳಗೆ ಎಳ್ಕೊಳ್ಳೋದಿಲ್ಲ, ಸಿಡಿಲಿನ ವಿದ್ಯುತ್ ನೆಲದ ಮೇಲ್ಭಾಗದಲ್ಲೇ ದೂರದವರೆಗೆ ಹರಡ್ತದೆ. ತೆಂಗಿನ ಮರಕ್ಕೆ ಬಿದ್ದ ಸಿಡಿಲಿಂದ ಪಕ್ಕದಲ್ಲಿ ನಿಂತವ್ರಿಗೆ ತಾಗೋದು ಹೀಗೂ ಆಗ್ತದೆ.

ಮನೆ ಒಳಗೂ ಫೋನ್ ಚಾರ್ಜರಿಗೆ ಸಿಕ್ಕಿಸಿ ಕೈಯಲ್ಲಿ ಹಿಡ್ಕೊಳ್ಬೇಡಿ. ಮೊಬೈಲ್ ಸಿಡಿಲನ್ನು ಎಳೀತದೆ ಅನ್ನೋದು ಸುಳ್ಳು, ಆದ್ರೆ ವೈರಲ್ಲಿ ಬರುವ ಕರೆಂಟ್ ಸುಳ್ಳಲ್ಲ. ಮೊದಲೇ ಫುಲ್ ಚಾರ್ಜ್ ಮಾಡಿ, ಫೋನನ್ನು ಕಿಟಕಿ ಹತ್ರ ಸ್ಟ್ಯಾಂಡಿಗೋ ಪುಸ್ತಕದ ರಾಶಿಗೋ ಒರಗಿಸಿ, ನೀವು ಕೋಣೆಯ ನಡುವೆ ಕೂತ್ಕೊಳ್ಳಿ.

ಯಾವಾಗ ಮಾಡೋದು

ಮಳೆ ಜಾಸ್ತಿ ಇದ್ದಾಗ ಗುಡುಗು ಜಾಸ್ತಿ ಅಂತ ಅಂದ್ಕೊಂಡ್ರೆ ಕರಾವಳಿಯಲ್ಲಿ ಅದು ತಪ್ಪು. ಜುಲೈ–ಆಗಸ್ಟಲ್ಲಿ ದಿನವಿಡೀ ಸುರೀತದೆ, ಗುಡುಗು ಮಾತ್ರ ಅಪರೂಪ. ಗುಡುಗಿನ ಕಾಲ ಅಂದ್ರೆ ಏಪ್ರಿಲಿಂದ ಪತ್ತನಾಜೆ (ಮೇ ಕೊನೆಗೆ ಬರುವ ತುಳುವರ ಆಚರಣೆಯ ದಿನ) ದಾಟಿ ಮುಂಗಾರು ಹಿಡಿಯುವ ತನಕ, ಮತ್ತೆ ಅಕ್ಟೋಬರ್–ನವೆಂಬರಿನ ಹಿಂಗಾರಿನ ಸಂಜೆಗಳು. ರಾತ್ರಿ ಕ್ಯಾಮೆರಾಕ್ಕೆ ಮಿಂಚು ಚೆನ್ನಾಗಿ ಸಿಗ್ತದೆ, ಹಾಗಾಗಿ ಸಂಜೆ ಏಳರ ಮೇಲೆ ಬಂದ ಮಳೆ ಸಿಕ್ಕಿದ್ರೆ ಬಿಡ್ಬೇಡಿ.

ಒಂದೇ ಮಳೆಯಲ್ಲೂ ಎಲ್ಲ ಹೊತ್ತು ಒಳ್ಳೇದಲ್ಲ. ನಡು ಮಳೆಯಲ್ಲಿ ಮಿಂಚಿನ ಮೇಲೆ ಮಿಂಚು, ಯಾವ ಗುಡುಗು ಯಾವ ಮಿಂಚಿನದ್ದು ಅಂತ ಬ್ರಹ್ಮನಿಗೂ ಗೊತ್ತಾಗ್ಲಿಕ್ಕಿಲ್ಲ. ಅದಲ್ಲದೆ ಹಂಚಿನ ಮೇಲೆ, ತಗಡಿನ ಶೀಟಿನ ಮೇಲೆ ಮಳೆ ಬೀಳುವ ಸದ್ದಲ್ಲಿ ದೂರದ ಗುಡುಗು ಮುಚ್ಚಿ ಹೋಗ್ತದೆ. ಮಳೆ ಬರುವ ಮೊದಲಿನ ಇಪ್ಪತ್ತು–ಮೂವತ್ತು ನಿಮಿಷ, ಪೂರ್ವದಲ್ಲಿ ಮೋಡ ಕಪ್ಪಾಗಿ ಎರಡು ಮಿಂಚಿನ ನಡುವೆ ಒಂದು ನಿಮಿಷಕ್ಕಿಂತ ಹೆಚ್ಚು ಅಂತರ ಇರುವ ಹೊತ್ತು, ಅದೇ ಚಿನ್ನದ ಹೊತ್ತು. ರಾತ್ರಿ ಸಮುದ್ರದ ಕಡೆ ಸದ್ದೇ ಇಲ್ಲದೆ ಬರೀ ಹೊಳೆಯೋದು ಕಾಣ್ತದಲ್ಲ, ಅದು ನಮ್ಮ ಕೆಲಸಕ್ಕೆ ಬೇಡ. ಗುಡುಗು ಸಾಮಾನ್ಯವಾಗಿ 15–20 ಕಿಮೀ ಆಚೆಗೆ ಕೇಳೋದಿಲ್ಲ, ಮೇಲಕ್ಕೆ ಹೋದ ಹಾಗೆ ಗಾಳಿ ತಂಪಾಗುವ ಕಾರಣ ಶಬ್ದ ಮೇಲಕ್ಕೆ ಬಾಗಿ ನಮ್ಮ ತಲೆ ಮೇಲಿಂದ ದಾಟಿ ಹೋಗ್ತದೆ.

ರೆಕಾರ್ಡ್ ಮಾಡುವ ಕ್ರಮ

ಸ್ಟಾಪ್‌ವಾಚಲ್ಲಿ ಮಾಡ್ಲಿಕ್ಕೆ ಆಗ್ತದೆ, ಆದ್ರೆ ನಾನು ವಿಡಿಯೋನೇ ಮಾಡಿ ಅಂತ ಒತ್ತಿ ಹೇಳ್ತೇನೆ. ಬೆರಳು ಒತ್ತುವಾಗ ಕಾಲು ಸೆಕೆಂಡಿನಷ್ಟು ತಡ ಆಗೇ ಆಗ್ತದೆ, ಮಿಂಚು ಅಂತೂ ಹೇಳದೆ ಕೇಳದೆ ಬರೋದು. ವಿಡಿಯೋದಲ್ಲಿ ಬೆಳಕೂ ಶಬ್ದವೂ ಒಂದೇ ಗಡಿಯಾರದಲ್ಲಿ ದಾಖಲಾಗ್ತದೆ, ಸೆಕೆಂಡಿಗೆ 30 ಫ್ರೇಮ್ ಆದ್ರೆ ಒಂದು ಫ್ರೇಮಿಗೆ ಸೆಕೆಂಡಿನ 30ರಲ್ಲಿ 1 ಭಾಗ, ಅಷ್ಟು ನಿಖರತೆ ನಮಗೆ ಬೇಕಾದಷ್ಟಾಯ್ತು.

ಇನ್ನೂ ಒಂದು ದೊಡ್ಡ ಉಪಕಾರ ಉಂಟು ಇದರಲ್ಲಿ. ಎರಡು ಮನೆಯ ಫೋನಿನ ಗಡಿಯಾರ ಸರಿ ಹೊಂದಿಸುವ ತಲೆಬಿಸಿಯೇ ಇಲ್ಲ. ಬೆಳಕು ಸೆಕೆಂಡಿಗೆ ಸುಮಾರು 3 ಲಕ್ಷ ಕಿಮೀ ಹೋಗ್ತದೆ, ಮಣಿಪಾಲದಿಂದ ಉಡುಪಿಗೆ ಬರ್ಲಿಕ್ಕೆ ಸೆಕೆಂಡಿನ ಲಕ್ಷದಲ್ಲಿ ಒಂದೆರಡು ಭಾಗ ಸಾಕು. ಅಂದ್ರೆ ಒಂದೇ ಮಿಂಚು ಎರಡೂ ಮನೆಯಲ್ಲಿ ಒಂದೇ ಕ್ಷಣದಲ್ಲಿ ಕಾಣ್ತದೆ, ಆ ಮಿಂಚೇ ನಮ್ಮ ಗಡಿಯಾರದ ಸೊನ್ನೆ. ಇಬ್ಬರೂ ತಮ್ಮ ತಮ್ಮ ವಿಡಿಯೋದಲ್ಲಿ ಮಿಂಚಿನಿಂದ ಗುಡುಗಿನವರೆಗಿನ ಸೆಕೆಂಡ್ ತೆಗೆದು ಕಳೆದ್ರೆ ಮುಗೀತು.

ಮೊದಲು, ಗೂಗಲ್ ಮ್ಯಾಪಲ್ಲಿ ನಿಮ್ಮ ಮನೆ ಮೇಲೆ ಒತ್ತಿ ಹಿಡಿದು ಪಿನ್ ಹಾಕಿ, 'ದೂರ ಅಳೆಯಿರಿ' ಅನ್ನೋ ಆಯ್ಕೆಯಿಂದ ಗೆಳೆಯನ ಮನೆಗೆ ನೇರ ಗೆರೆ ಎಳೀರಿ. ರಸ್ತೆ ದೂರ ಅಲ್ಲ, ನೇರ ದೂರ. ಬಸ್ಸಿನ ಲೆಕ್ಕ ಇಲ್ಲಿ ನಡೆಯೋದಿಲ್ಲ, ಶಬ್ದ ಮಣಿಪಾಲದ ಟೈಗರ್ ಸರ್ಕಲ್ಲಲ್ಲಿ ತಿರುಗಿ ಬರೋದಿಲ್ಲ.

ಆಮೇಲೆ ಇಬ್ಬರೂ ಫೋನಲ್ಲಿ ಮಾತಾಡ್ಕೊಂಡು ಒಟ್ಟಿಗೆ ವಿಡಿಯೋ ಆನ್ ಮಾಡಿ, ಸರಿಯಾಗಿ ಒಂದೇ ಕ್ಷಣ ಆಗ್ಬೇಕು ಅಂತ ಇಲ್ಲ. ಶುರುವಲ್ಲಿ ದಿನಾಂಕ, ಹೊತ್ತು ಬಾಯಲ್ಲಿ ಹೇಳಿ. ಕ್ಯಾಮೆರಾ ಮಿಂಚಿನ ಗೆರೆಯನ್ನೇ ಹಿಡಿಯಬೇಕಾಗಿಲ್ಲ, ಎದುರಿನ ಗೋಡೆ ಬೆಳಗಿದ್ರೂ ಸಾಕು. ಕಿಟಕಿ ಬಾಗಿಲು ಒಂದು ಸಣ್ಣ ಸಂದಿನಷ್ಟು ತೆರೆದಿಟ್ರೆ ಶಬ್ದ ಚೆನ್ನಾಗಿ ಬರ್ತದೆ, ಫ್ಯಾನ್ ಟಿವಿ ಬಂದ್ ಮಾಡಿ. ಗುಡುಗಿದಾಗ ಮನೆಯ ಹಿರಿಯರು ಅರ್ಜುನ ಫಲ್ಗುಣ ಪಾರ್ಥ ಕಿರೀಟಿ ಅಂತ ಗಟ್ಟಿಯಾಗಿ ಹೇಳುವ ಕ್ರಮ ಇದ್ರೆ ಅವರನ್ನು ಸುಮ್ಮನಿರಿಸ್ಲಿಕ್ಕೆ ಹೋಗ್ಬೇಡಿ, ಫೋನನ್ನೇ ಬೇರೆ ಕೋಣೆಯಲ್ಲಿಡಿ.

ಮಿಂಚಿದಾಗ ಇಬ್ಬರೂ ಒಂದು ನಂಬರ್ ಹೇಳಿ, 'ಮಿಂಚು ನಾಲ್ಕು' ಅನ್ನೋ ಹಾಗೆ. ಇದು ಚಿಕ್ಕ ವಿಷಯ ಅನ್ನಿಸ್ಬಹುದು, ಆದ್ರೆ ಮರುದಿನ ಎರಡು ವಿಡಿಯೋ ಜೋಡಿಸುವಾಗ ಇದರ ಬೆಲೆ ಗೊತ್ತಾಗ್ತದೆ. ಒಬ್ಬರಿಗೆ ಕಂಡು ಇನ್ನೊಬ್ಬರಿಗೆ ಕಾಣದ ಮಿಂಚನ್ನು ಅಲ್ಲೇ ಬಿಟ್ಟುಬಿಡಿ.

ಮಳೆ ಕಳೆದ ಮೇಲೆ ವಿಡಿಯೋವನ್ನು ಫ್ರೇಮ್ ಫ್ರೇಮ್ ಆಗಿ ಓಡಿಸಿ, ಮೊದಲ ಬಾರಿ ಬೆಳಕಾದ ಫ್ರೇಮಿನ ಸಮಯ ಬರ್ಕೊಳ್ಳಿ. ಮಿಂಚು ಒಂದೇ ಸಲ ಹೊಳೆದು ನಿಲ್ಲೋದಿಲ್ಲ, ಅರ್ಧ ಸೆಕೆಂಡಿನಲ್ಲಿ ಮೂರು ನಾಲ್ಕು ಸಲ ಮಿನುಗ್ತದೆ, ಯಾವಾಗಲೂ ಮೊದಲನೇದನ್ನೇ ತಗೊಳ್ಳಿ. ಗುಡುಗಿಗೆ ಕಿವಿಗಿಂತ ಕಣ್ಣು ಒಳ್ಳೇದು, ವಿಡಿಯೋದ ಆಡಿಯೋವನ್ನು ಆಡಾಸಿಟಿಯಂಥ ಉಚಿತ ಸಾಫ್ಟ್‌ವೇರಲ್ಲಿ ತೆರೆದ್ರೆ ಅಲೆಯ ಚಿತ್ರ ಕಾಣ್ತದೆ, ಸಪಾಟಾಗಿದ್ದ ಗೆರೆ ಮೊದಲು ಎದ್ದ ಜಾಗ ಯಾವುದೋ ಅದೇ ಗುಡುಗಿನ ಹೊತ್ತು. ಅತೀ ಜೋರಾದ ಜಾಗ ಅಲ್ಲ, ಮೊದಲು ಎದ್ದ ಜಾಗ. ಮಿಂಚಿನ ಗೆರೆ ಹಲವು ಕಿಲೋಮೀಟರ್ ಉದ್ದ ಇರ್ತದೆ, ಅದರೊಳಗಿನ ಗಾಳಿ ಕ್ಷಣಮಾತ್ರದಲ್ಲಿ 30,000 ಡಿಗ್ರಿ ಹತ್ರ ಕಾದು ಸಿಡಿಯೋದೇ ಗುಡುಗು, ಆ ಉದ್ದದ ಹತ್ತಿರದ ತುದಿಯ ಶಬ್ದ ಮೊದಲು ಬಂದು ದೂರದ ಭಾಗದ್ದು ಆಮೇಲಾಮೇಲೆ ಬರ್ತದೆ, ಅದಕ್ಕೇ ಗುಡುಗು ಗುಡುಗುಡು ಅಂತ ಉರುಳ್ತಾ ಹೋಗೋದು.

ಲೆಕ್ಕ, ಮತ್ತೆ ಲೆಕ್ಕದೊಳಗಿನ ಗುಟ್ಟು

ಎರಡು ಮನೆಯ ನಡುವಿನ ನೇರ ದೂರ 3,800 ಮೀಟರ್ ಅಂತ ಇಟ್ಕೊಳ್ಳಿ. ಒಂದು ಮಿಂಚಿಗೆ ಮಣಿಪಾಲದಲ್ಲಿ 14.2 ಸೆಕೆಂಡ್, ಉಡುಪಿಯಲ್ಲಿ 25.1 ಸೆಕೆಂಡ್ ಬಂತು ಅನ್ನಿ. ವ್ಯತ್ಯಾಸ 10.9. ಈಗ 3,800ನ್ನು 10.9ರಿಂದ ಭಾಗಿಸಿದ್ರೆ 349. ಸೆಕೆಂಡಿಗೆ 349 ಮೀಟರ್, ಚಂದದ ಉತ್ತರ. ಎರಡನೇ ಮಿಂಚಿಗೆ 12.0 ಮತ್ತು 21.4 ಬಂದ್ರೆ ವ್ಯತ್ಯಾಸ 9.4, ಉತ್ತರ 404. ಮೂರನೇದಕ್ಕೆ 18.3 ಮತ್ತು 22.8 ಬಂದ್ರೆ ಉತ್ತರ 844! ಇದನ್ನು ನೋಡಿ ಪ್ರಯೋಗ ಹಾಳಾಯ್ತು ಅಂತ ಬಿಟ್ಟುಬಿಡೋರೇ ಹೆಚ್ಚು. ಹಾಳಾಗಿಲ್ಲ ಮಾರಾಯ್ರೆ, ನಿಜವಾದ ವಿಷಯ ಇಲ್ಲೇ ಶುರುವಾಗೋದು.

ಮಿಂಚು ಸರಿಯಾಗಿ ನಮ್ಮ ಎರಡು ಮನೆಯ ಗೆರೆಯ ನೇರಕ್ಕೆ ಆದ್ರೆ ಮಾತ್ರ ಶಬ್ದ ಹೆಚ್ಚುವರಿಯಾಗಿ ಪೂರ್ತಿ 3,800 ಮೀಟರ್ ಹೋಗ್ಬೇಕಾಗ್ತದೆ. ಮಿಂಚು ಕಾರ್ಕಳದ ಕಡೆಗೋ ಬ್ರಹ್ಮಾವರದ ಕಡೆಗೋ ಸರಿದಿದ್ರೆ ಎರಡೂ ಮನೆಗೆ ಇರುವ ದೂರದ ವ್ಯತ್ಯಾಸ ಅದಕ್ಕಿಂತ ಕಡಿಮೆ. ಸಮಯದ ವ್ಯತ್ಯಾಸ ಕಡಿಮೆ ಆದ್ರೆ ನಾವು ಹಾಕಿದ ಭಾಗಾಕಾರದಲ್ಲಿ ವೇಗ ಜಾಸ್ತಿ ಬರ್ತದೆ. ದೂರದ ಮಿಂಚು ಗೆರೆಯಿಂದ 10 ಡಿಗ್ರಿ ಸರಿದ್ರೆ ಉತ್ತರ ನೂರಕ್ಕೆ ಒಂದೂವರೆಯಷ್ಟು ಹೆಚ್ಚು, 20 ಡಿಗ್ರಿ ಆದ್ರೆ 6ರಷ್ಟು, 30 ಡಿಗ್ರಿ ಆದ್ರೆ 15ರಷ್ಟು. ಮೋಡದ ಒಳಗೇ ಎತ್ತರದಲ್ಲಿ ಹೊಳೆಯುವ ಮಿಂಚಿಗೂ ಇದೇ ಕತೆ, ಶಬ್ದ ಮೇಲಿಂದ ಓರೆಯಾಗಿ ಬರುವ ಕಾರಣ ವ್ಯತ್ಯಾಸ ಕುಗ್ತದೆ.

ಈಗ ಗಮನಿಸಿ, ಈ ತಪ್ಪುಗಳೆಲ್ಲ ಉತ್ತರವನ್ನು ಒಂದೇ ದಿಕ್ಕಿಗೆ ತಳ್ಳೋದು, ಮೇಲಕ್ಕೆ. ತ್ರಿಕೋನದ ಎರಡು ಬದಿಗಳ ವ್ಯತ್ಯಾಸ ಮೂರನೇ ಬದಿಗಿಂತ ಹೆಚ್ಚಾಗ್ಲಿಕ್ಕೆ ಸಾಧ್ಯವೇ ಇಲ್ಲ, ಹೈಸ್ಕೂಲಿನ ಈ ಒಂದು ನಿಯಮ ನಮ್ಮನ್ನು ಕಾಪಾಡ್ತದೆ. ಮಿಂಚು ಎಲ್ಲೇ ಆಗ್ಲಿ, ಎಷ್ಟೇ ಎತ್ತರ ಆಗ್ಲಿ, ಅದರ ಗೆರೆ ಎಷ್ಟೇ ಉದ್ದ, ಎಷ್ಟೇ ವಕ್ರ ಇರ್ಲಿ, ಎರಡು ಮನೆಗೆ ಬೇರೆ ಬೇರೆ ತುದಿಯಿಂದಲೇ ಮೊದಲ ಶಬ್ದ ಬರ್ಲಿ, ದೂರದ ವ್ಯತ್ಯಾಸ ಎರಡು ಮನೆಯ ನಡುವಿನ ದೂರವನ್ನು ಮೀರೋದಿಲ್ಲ. ಹಾಗಾಗಿ ಬಂದ ಉತ್ತರಗಳಲ್ಲಿ ಕೆಳಗಿನವೇ ನಿಜಕ್ಕೆ ಹತ್ತಿರ. ಎಲ್ಲದರ ಸರಾಸರಿ ತೆಗೆಯೋದು ಇಲ್ಲಿ ಶುದ್ಧ ತಪ್ಪು, 844ನ್ನೂ 349ನ್ನೂ ಕೂಡಿಸಿ ಭಾಗಿಸಿದ್ರೆ ಏನೂ ಅರ್ಥ ಇಲ್ಲದ ಸಂಖ್ಯೆ ಸಿಗ್ತದೆ.

ಹಾಗಂತ ಎಲ್ಲಕ್ಕಿಂತ ಕೆಳಗಿನ ಒಂದನ್ನೇ ಹಿಡ್ಕೊಳ್ಬಾರದು. ಸಮಯ ಓದುವಾಗ ಅರ್ಧ ಸೆಕೆಂಡ್ ತಪ್ಪಿದ್ರೆ 10.9 ಇದ್ದದ್ದು 11.4 ಆಗಿ ಉತ್ತರ 333ಕ್ಕೆ ಇಳೀತದೆ. ಎಲ್ಲ ಉತ್ತರಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ ಬರೀರಿ. ಬೇಕಾದಷ್ಟು ಮಿಂಚು ಇದ್ರೆ ಕೆಳಗಿನ ಕೆಲವು ಹತ್ತಿರ ಹತ್ತಿರ ಗುಂಪಾಗಿ ಕೂತಿರ್ತವೆ, ಮೇಲಿನವು ಚದುರಿರ್ತವೆ. ಆ ಕೆಳಗಿನ ಗುಂಪಿನ ಸಮಯದ ವ್ಯತ್ಯಾಸಗಳು 10.8, 10.9, 11.1 ಆಗಿದ್ರೆ ಅವುಗಳ ಸರಾಸರಿ 10.93, ವೇಗ 348. ಒಂದು ಮಳೆಯಲ್ಲಿ ಅಂಥ ಗುಂಪು ಸಿಗದಿದ್ರೆ ಇನ್ನೊಂದು ಮಳೆಗೆ ಕಾಯಿರಿ, ನಮ್ಮ ಊರಲ್ಲಿ ಗುಡುಗಿಗೆ ಬರ ಇಲ್ಲ.

ಮಲ್ಪೆಯಲ್ಲಿ ಮೂರನೇ ಮನೆ ಸಿಕ್ಕಿದ್ರೆ ಇನ್ನೂ ಗಟ್ಟಿ. ಮಣಿಪಾಲ–ಉಡುಪಿ ಮತ್ತು ಉಡುಪಿ–ಮಲ್ಪೆ ಎರಡರಿಂದಲೂ ಹತ್ತಿರದ ಉತ್ತರ ಬಂದು, ಎರಡೂ ಕೆಳಗಿನ ಗುಂಪಲ್ಲೇ ಇದ್ರೆ ಮಿಂಚು ಗೆರೆಯ ನೇರಕ್ಕೇ ಆಗಿತ್ತು ಅಂತ ಧೈರ್ಯವಾಗಿ ಹೇಳಬಹುದು. ಸಮುದ್ರದ ಅಬ್ಬರ ಮಾತ್ರ ಅಲ್ಲಿ ದೊಡ್ಡ ತೊಂದರೆ, ತೀರದಿಂದ ಸ್ವಲ್ಪ ಒಳಗಿನ ಮನೆ ನೋಡಿ.

ಜಾತ್ರೆಯ ಗರ್ನಾಲಿನಿಂದ ಪರೀಕ್ಷೆ

ಗುಡುಗಿಗೆ ಮೊದಲು ನಿಮ್ಮ ಫೋನು, ನಿಮ್ಮ ಕಣ್ಣು, ನಿಮ್ಮ ಲೆಕ್ಕ ಸರಿ ಉಂಟಾ ಅಂತ ನೋಡ್ಕೊಳ್ಲಿಕ್ಕೆ ನಮ್ಮ ಕಡೆ ಬೇಸಿಗೆಯಲ್ಲಿ ಬೇಕಾದಷ್ಟು ಅವಕಾಶ. ಜಾತ್ರೆ, ದೈವದ ನೇಮದ ಹೊತ್ತಿಗೆ ಗರ್ನಾಲ್ ಅನ್ನೋ ಜೋರು ಸದ್ದಿನ ಪಟಾಕಿ, ಸಿಡಿಮದ್ದು ಸಿಡಿಸ್ತಾರೆ. ದೇವಸ್ಥಾನದ ಗದ್ದೆ ಕಾಣುವ, ಒಂದೆರಡು ಕಿಮೀ ದೂರದ ಯಾವುದಾದ್ರೂ ಮನೆಯಿಂದ ವಿಡಿಯೋ ಮಾಡಿ. ಇಲ್ಲಿ ದೂರ ಮ್ಯಾಪಲ್ಲಿ ನೇರವಾಗಿ ಸಿಗ್ತದೆ, ಎರಡನೇ ಮನೆಯೇ ಬೇಡ. 1,500 ಮೀಟರಿಗೆ 4.3 ಸೆಕೆಂಡ್ ಹತ್ರ ಬರ್ಬೇಕು. ಇದರಲ್ಲಿ ಸರಿ ಬಂದ್ರೆ ಗುಡುಗಿನಲ್ಲಿ ಬಂದ ಉತ್ತರದ ಮೇಲೆ ನಂಬಿಕೆ ಬರ್ತದೆ.

ನಮ್ಮ ದೇಶದಲ್ಲೇ ಇದು 200 ವರ್ಷದ ಹಿಂದೆ ದೊಡ್ಡ ಮಟ್ಟದಲ್ಲಿ ನಡೆದಿದೆ. ಮದ್ರಾಸ್ ವೀಕ್ಷಣಾಲಯದ ಜಾನ್ ಗೋಲ್ಡಿಂಗ್‌ಹ್ಯಾಮ್ ಅನ್ನೋರು ಸೇಂಟ್ ಜಾರ್ಜ್ ಕೋಟೆಯಿಂದಲೂ ಸೇಂಟ್ ಥಾಮಸ್ ಮೌಂಟಿನಿಂದಲೂ ಹಾರಿಸುವ ಫಿರಂಗಿಯ ಬೆಳಕು–ಸದ್ದಿನ ಅಂತರವನ್ನು ಅಳೆದು ಶಬ್ದದ ವೇಗ ತೆಗೆದ್ರು, ಅದರ ವರದಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ 1823ರಲ್ಲಿ ಬಂತು. ತಿಂಗಳಿಂದ ತಿಂಗಳಿಗೆ ವೇಗ ಬದಲಾಗೋದೂ ಅವರ ಅಳತೆಯಲ್ಲಿ ಕಂಡಿತ್ತು. ಅವರ ಹತ್ರ ಇದ್ದದ್ದು ಫಿರಂಗಿ ಮತ್ತು ಗಡಿಯಾರ, ನಮ್ಮ ಹತ್ರ ಗರ್ನಾಲ್ ಮತ್ತು ಮೊಬೈಲ್.

ಆ್ಯಪಿನಿಂದ ಆಗ್ಲಿಕ್ಕಿಲ್ವಾ?

ಆಗ್ತದೆ, ಆದ್ರೆ ಜಾಗ್ರತೆ ಬೇಕು. ಪುಣೆಯ ಹವಾಮಾನ ಸಂಶೋಧನಾ ಸಂಸ್ಥೆ ಐಐಟಿಎಂನವರ 'ದಾಮಿನಿ' ಆ್ಯಪ್ ಸಿಡಿಲು ಎಲ್ಲಿ ಬಿತ್ತು ಅಂತ ಮ್ಯಾಪಲ್ಲಿ ತೋರಿಸ್ತದೆ, ಎಚ್ಚರಿಕೆಗೆ ಅಂತೂ ಅದು ಎಲ್ಲರ ಫೋನಲ್ಲೂ ಇರ್ಲೇಬೇಕು. ಅಳತೆಗೆ ಬಳಸುವಾಗ ಆ ಚುಕ್ಕೆಯ ಜಾಗದಲ್ಲಿ ನೂರಾರು ಮೀಟರ್ ಆಚೀಚೆ ಆಗಬಹುದು ಅನ್ನೋದು ನೆನಪಿರ್ಲಿ. ಒಂದೇ ಸಿಡಿಲನ್ನು ನಂಬದೆ, ಬೇರೆ ಬೇರೆ ದೂರದ ಹಲವು ಸಿಡಿಲಿನ ದೂರ ಮತ್ತು ಸಮಯವನ್ನು ಗ್ರಾಫ್ ಹಾಳೆಯಲ್ಲಿ ಚುಕ್ಕೆ ಇಟ್ಟು ನಡುವೆ ಒಂದು ನೇರ ಗೆರೆ ಎಳೀರಿ, ಆ ಗೆರೆಯ ಏರು, ಅಂದ್ರೆ ಒಂದು ಸೆಕೆಂಡಿಗೆ ಎಷ್ಟು ಮೀಟರ್ ಏರ್ತದೆ ಅನ್ನೋದೇ ವೇಗ. ಸ್ಟಾಪ್‌ವಾಚಲ್ಲಿ ಪ್ರತಿ ಸಲ ಒಂದೇ ರೀತಿ ತಡ ಆಗ್ತಿದ್ರೂ ಏರು ಹಾಳಾಗೋದಿಲ್ಲ, ಗೆರೆ ಮಾತ್ರ ಪಕ್ಕಕ್ಕೆ ಸರೀತದೆ. ಇನ್ನು ಕೆಲವು ಮಿಂಚಿನ ವೆಬ್‌ಸೈಟುಗಳಲ್ಲಿ ಸಿಡಿಲಿನ ಸುತ್ತ ಗುಡುಗಿನ ವೃತ್ತ ಹರಡುತ್ತಾ ಹೋಗೋದು ಕಾಣ್ತದೆ. ಅದನ್ನು ಅಳತೆಗೆ ಬಳಸ್ಲೇಬೇಡಿ, ಆ ವೃತ್ತವನ್ನು ಎಳೆದದ್ದೇ ಮೊದಲೇ ಹಾಕಿಟ್ಟ ಶಬ್ದದ ವೇಗದಿಂದ.

ಬಂದ ಉತ್ತರ ಸರಿಯಾ?

ಆ ದಿನದ ಗಾಳಿಯ ಉಷ್ಣತೆ ಬರೆದಿಟ್ಕೊಳ್ಳಿ. 331.3ಕ್ಕೆ, ಉಷ್ಣತೆಯ ಡಿಗ್ರಿಯನ್ನು 0.606ರಿಂದ ಗುಣಿಸಿ ಸೇರಿಸಿದ್ರೆ ಒಣ ಗಾಳಿಯಲ್ಲಿ ಶಬ್ದದ ವೇಗ. 27 ಡಿಗ್ರಿಗೆ 347.7, 32 ಡಿಗ್ರಿಗೆ 350.7. ನಮ್ಮ ಕರಾವಳಿಯ ಬೆವರಿಳಿಸುವ ಗಾಳಿಯಲ್ಲಿ ನೀರಿನ ಆವಿ ತುಂಬಿರ್ತದೆ, ಆವಿ ಒಣ ಗಾಳಿಗಿಂತ ಹಗುರ, ಹಾಗಾಗಿ ಇನ್ನೊಂದೆರಡು ಮೀಟರ್ ಹೆಚ್ಚು. ಗಾಳಿ ಘಟ್ಟದಿಂದ ಸಮುದ್ರದ ಕಡೆ ಸೆಕೆಂಡಿಗೆ 5 ಮೀಟರ್ ಬೀಸ್ತಿದ್ರೆ ಶಬ್ದಕ್ಕೂ ಅಷ್ಟು ಸೇರ್ತದೆ, ಎದುರು ಗಾಳಿ ಆದ್ರೆ ಕಳೀತದೆ.

335ರಿಂದ 360ರ ಒಳಗೆ ಬಂದ್ರೆ ನಿಮ್ಮ ಅಳತೆ ಚೆನ್ನಾಗೇ ಆಗಿದೆ, ಇನ್ನೂ ಹತ್ತಿರ ಬರ್ಬೇಕಾದ್ರೆ ಮಿಂಚುಗಳ ಸಂಖ್ಯೆ ಹೆಚ್ಚಿಸಿ. ಕೆಳಗಿನ ಗುಂಪೇ 380ರ ಮೇಲೆ ಕೂತಿದ್ರೆ ಆ ದಿನದ ಮೋಡ ನಿಮ್ಮ ಗೆರೆಯ ನೇರಕ್ಕೆ ಇರ್ಲಿಲ್ಲ, ಅಥವಾ ಮ್ಯಾಪಲ್ಲಿ ನೇರ ದೂರದ ಬದಲು ರಸ್ತೆ ದೂರ ತಗೊಂಡಿದ್ದೀರಿ. 300ರ ಹತ್ರ ಬಂದ್ರೆ ಮಿಂಚು–ಗುಡುಗು ಜೋಡಿ ತಪ್ಪಿದೆ, ಇಲ್ಲ ಉಡುಪಿಯ ವಿಡಿಯೋದಲ್ಲಿ ಗುಡುಗಿನ ಮೆಲ್ಲನೆಯ ಶುರುವನ್ನು ಬಿಟ್ಟು ಆಮೇಲಿನ ಜೋರು ಸದ್ದನ್ನು ಗುರುತು ಮಾಡಿದ್ದೀರಿ, ದೂರದ ಮನೆಯಲ್ಲಿ ಹೀಗಾಗೋದು ಸಹಜ. ಆ ಮಿಂಚಿನ ಆಡಿಯೋವನ್ನು ಮತ್ತೆ ತೆರೆದು, ಅಲೆಯ ಚಿತ್ರವನ್ನು ಎತ್ತರಕ್ಕೆ ಹಿಗ್ಗಿಸಿ, ಗೆರೆ ಮೊದಲು ಅಲುಗಿದ ಜಾಗವನ್ನು ಹುಡುಕಿ.